ಎಂಟನೆಯ ಎಡೆ

ಪುವೆರ್ತೊ ಪ್ರಿನ್ಸೆಸಾ, ಫಿಲಿಪೀನ್ಸ್
31 ಜನವರಿ 1998

ಲುವಾ ಅಕ್ಕಾ,

ನಮ್ಮ ಹೊಸವರ್ಷಕ್ಕೆ ಮನೇಲಿಲ್ಲ ಅಂತ ನಿನ್ನ ಅತ್ತೆ, ನಮ್ಮ ಅಜ್ಜಿ, ನನ್ನ ಮೇಲೆ ಸಿಟ್ಟಾಗಿದ್ದಾರಾ? ನಿಮ್ಮ ಬಾಡಿಗೆ ಕೋಣೆಯ ಟೀಚರ್ ಹಬ್ಬದ ದಿನ ಅಂಟಕ್ಕಿ ಕಡುಬಿಲ್ಲದೆ ಒಣ ಬ್ರೆಡ್ ತಿಂದು ಅತ್ತಳು ಅಂತ ಹೇಳು, ಅವರಿಗೆ ಸ್ವಲ್ಪ ಸಮಾಧಾನವಾಗುತ್ತೆ. ನಿಜಕ್ಕೂ ಅತ್ತುಬಿಟ್ಟೆ ಕಣೇ. ಥೋವಾನೂ ಅತ್ತಳು. ಕುಕ್ ಮಾತ್ರ ಅಳಲಿಲ್ಲ, ನಮ್ಮಿಬ್ಬರ ಬ್ರೆಡ್ಡನ್ನೂ ತಿಂದಳು.

ಮನಿಲಾದ ಇಂಗ್ಲಿಷ್ ತರಬೇತಿ ಕ್ರಿಸ್‌ಮಸ್‌ಗೇ ಮುಗೀತು. ವಾಪಸ್ ಟಿಕೆಟ್ ಇರೋದು ಏಪ್ರಿಲ್ ಕೊನೆಗೆ. ಮೂರು ಜನ ಟೀಚರ್‌ಗಳು, ಗುರುತು ಪರಿಚಯ ಇಲ್ಲದ ದೇಶ, ಕೇಳೋರಿಲ್ಲ ಹೇಳೋರಿಲ್ಲ. ದ್ವೀಪದಿಂದ ದ್ವೀಪಕ್ಕೆ ಅಲೀತಾ ಇದ್ದೀವಿ. ನಕ್ಷೆ ಇದ್ದದ್ದು ಕುಕ್ ಕೈಲಿ, ಅದನ್ನ ಮೊದಲನೇ ದೋಣೀಲೇ ನೀರಿಗೆ ಬೀಳಿಸಿದಳು. ಥೋವಾ ಊರಿಂದ ತಂದ ಮೀನಿನ ರಸದ ಬಾಟಲಿ ಬಸ್ಸಲ್ಲಿ ಒಡೆದು ಹೋಯ್ತು. ಮುಂದಿನ ಆರು ಗಂಟೆ ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿ ತಿರುಗಿ ನೋಡಿದರು. ಕುಕ್ ಮೂಗು ಮುಚ್ಚಿಕೊಂಡು, ಅವಳೂ ಪಾಪ ಇಲ್ಲಿಯವಳೇ ಅನ್ನೋ ಹಾಗೆ ನಮ್ಮನ್ನೇ ದುರುಗುಟ್ಟಿದಳು. ಮಾನಗೆಟ್ಟವಳು!

ಇದರ ಜೊತೆ ಒಂದು ಫೋಟೋ ಇಟ್ಟಿದ್ದೀನಿ. ಹಿಂದಿರೋದು ತಗ್ಬಾಲಿ ಅನ್ನೋ ಮೀನುಗಾರರ ಹಳ್ಳಿ, ಇಲ್ಲಿಂದ ಬಸ್ಸಲ್ಲಿ ಐದು ಗಂಟೆ ದಾರಿ. ನಮ್ಮ ದೋಣಿಯ ಎಂಜಿನ್ ಅಲ್ಲಿ ಕೆಟ್ಟು ನಿಂತಿತು. ಕಡಲು ಎಷ್ಟು ಚೆನ್ನಾಗಿತ್ತು ಅಂದ್ರೆ ಫೋಟೋ ತೆಗೆಸಲೇಬೇಕು ಅಂತ ಥೋವಾ ಹಟ ಹಿಡಿದಳು. ಆದರೆ ನಾವು ಮೂವರು. ಮೂವರು ಫೋಟೋಗೆ ನಿಂತರೆ ನಡುವಿನವರು ಮೊದಲು ಸಾಯ್ತಾರೆ ಅಂತ ಅಜ್ಜಿ ಬೈತಾರಲ್ಲ, ಯಾರು ನಡುವೆ ನಿಲ್ತಾರೆ? ನಾನಂತೂ ಒಲ್ಲೆ. ಕೊನೆಗೆ ಎಂಜಿನ್ ರಿಪೇರಿಗೆ ಬಂದಿದ್ದ ಮನುಷ್ಯನ್ನೇ ಎಳೆದು ತಂದು ನಾಲ್ಕನೆಯವನಾಗಿ ನಿಲ್ಲಿಸಿದೆವು. ಅವನಿಗೆ ನಮ್ಮ ಭಾಷೆ ಬಾರದು. ಕುಕ್ ತಾನು ಕಲಿತ ಇಂಗ್ಲಿಷನ್ನೆಲ್ಲ ಸುರಿದರೂ ಒಂದಕ್ಷರ ತಿಳೀಲಿಲ್ಲ. ಬರೀ ಕೈಸನ್ನೆ. ಬರಲ್ಲ ಬರಲ್ಲ ಅಂತ ತಲೆ ಆಡಿಸ್ತಾನೇ ಇದ್ದ, ನಾವು ಬಿಡಲಿಲ್ಲ. "ಈ ಕಿವಿ ನೋಡೇ, ಗಾಳಿ ಬೀಸಿದರೆ ಇವನೇ ಹಾಯಿದೋಣಿ" ಅಂತ ಥೋವಾ ಅವನ ಎದುರಿಗೇ ಅಂದಳು. ನಾವು ಬಿದ್ದು ಬಿದ್ದು ನಕ್ಕೆವು. "ಈ ಫೋಟೋ ಕಂಡರೆ ಲಿ ಸೊನ್ ದ್ವೀಪದಲ್ಲಿ ನಮ್ಮ ಲುವಾ ಅಕ್ಕ ನಕ್ಕು ಸಾಯ್ತಾಳೆ" ಅಂದೆ ನಾನು. ಅಷ್ಟರಲ್ಲಿ ಆ ಪುಣ್ಯಾತ್ಮ ಕೈಲಿದ್ದ ಸ್ಪ್ಯಾನರನ್ನ ತನ್ನ ಕಾಲ ಮೇಲೇ ಬೀಳಿಸಿಕೊಂಡ! ಥೋವಾನ ನೋಡಿ ಮನಸ್ಸು ಕಳಕೊಂಡ ಅಂತ ಅವಳನ್ನ ದಿನವಿಡೀ ರೇಗಿಸಿದೆವು. ರಿಪೇರಿಗೆ ಏನೂ ತಗೊಳ್ಳಲಿಲ್ಲ ಬೇರೆ.

ಪತ್ರ ಬರೆಯೋದಾದರೆ ಈ ಚರ್ಚಿನ ಸಿಸ್ಟರ್‌ಗಳ ವಸತಿಗೃಹಕ್ಕೇ ಬರೆ. ಎಲ್ಲೆಲ್ಲಿ ಅಲೆದರೂ ಇಲ್ಲಿಗೇ ಬಂದು ಬೀಳ್ತೀವಿ. ನಗಬೇಕು ನೀನು ಫೋಟೋ ನೋಡಿ, ಗೊತ್ತಾಯ್ತಾ?

ನಿನ್ನ
ನ್ಯಾನ್


ಲಿ ಸೊನ್ ದ್ವೀಪ
11 ಫೆಬ್ರುವರಿ 1998

ನ್ಯಾನ್,

ಫೋಟೋ ಬಂತು. ನಾನು ನಗಲಿಲ್ಲ.

ಮೂರು ದಿನದಿಂದ ಬರೆಯೋಕೆ ಕೂತು ಕೂತು ಏಳ್ತಾ ಇದ್ದೀನಿ. ಬೆಳ್ಳುಳ್ಳಿ ಕೀಳೋ ಕಾಲ, ಕೈ ತುಂಬ ಕೆಲಸ, ಆದರೆ ಕೈಯೇ ಆಡ್ತಿಲ್ಲ. ನಿನ್ನೆ ಒಂದು ಸಾಲು ಬೆಳ್ಳುಳ್ಳಿ ಕಿತ್ತು ಮತ್ತೆ ಅದೇ ಮರಳಲ್ಲಿ ಹೂತು ಬಂದಿದ್ದೀನಿ. ಅತ್ತೆ ನೋಡಿ "ಏನಾಗಿದೆಯೇ ನಿನಗೆ?" ಅಂದರು.

ಆ ನಾಲ್ಕನೆಯವನು ನನ್ನ ಗಂಡ. ದಾತ್.

ಹುಚ್ಚು ಹಿಡೀತು ಇವಳಿಗೆ ಅಂದುಕೋಬೇಡ. ನೀನು ನಮ್ಮ ಮನೆಗೆ ಬಂದು ನಾಲ್ಕು ವರ್ಷ, ನಿನಗೆ ಗೊತ್ತಿರೋದು ಪೂಜೆ ಕಟ್ಟೆ ಮೇಲಿನ ಆ ಫೋಟೋ ಮಾತ್ರ. ಮದುವೆಗೆ ಮುಂಚಿನದು, ಎಣ್ಣೆ ಹಚ್ಚಿ ಕೂದಲು ಬಾಚಿಕೊಂಡ ಇಪ್ಪತ್ಮೂರರ ಹುಡುಗ. ನಿನಗೆ ಹೇಗೆ ಗುರುತು ಸಿಗಬೇಕು? ನಾನು ಏಳು ವರ್ಷ ಅವನ ಜೊತೆ ಬಾಳಿದೋಳು. ಫೋಟೋದಲ್ಲಿ ಅವನ ಕಾಲು ನೋಡು. ಎಡಗಾಲ ಪಾದವನ್ನ ಬಲಗಾಲ ಮೇಲಿಟ್ಟು ನಿಂತಿದ್ದಾನೆ. ನಾಚಿಕೆಯಾದಾಗ, ತಪ್ಪು ಮಾಡಿ ಸಿಕ್ಕಿಬಿದ್ದಾಗ ಹಾಗೇ ನಿಲ್ಲೋದು. ಕೊಕ್ಕರೆ ಹಾಗೆ ನಿಲ್ಲಬೇಡ ಅಂತ ಏಳು ವರ್ಷ ಬೈದಿದ್ದೀನಿ. ಮತ್ತೆ ಆ ಕಿವಿ. ಅಯ್ಯೋ ದೇವರೇ, ಆ ಕಿವಿ.

ಎಂಟು ಜನ ಹೋದರು ನ್ಯಾನ್ ಆ ದೋಣೀಲಿ. ಅವನು ಯಜಮಾನ, ಉಳಿದ ಏಳು ಮಂದಿ ಇದೇ ಬೀದಿಯವರು. ಒಂದು ಹೆಣವೂ ಸಿಗಲಿಲ್ಲ. ಬೆಟ್ಟದ ಜೇಡಿಮಣ್ಣು ಹೊತ್ತು ತಂದವಳು ನಾನು. ಹಿಪ್ಪುನೇರಳೆ ಕಡ್ಡಿ ಮೂಳೆಯಾಗಿ ಇಟ್ಟು, ಆಳುದ್ದದ ಗೊಂಬೆ ಮಾಡಿಸಿ, ಮಂತ್ರ ಹೇಳೋ ಮುದುಕ ಕಡಲಿಗೆ ಮುಖ ಮಾಡಿ ಅವನ ಹೆಸರು ಹಿಡಿದು ಕರೆದಾಗ ನಾನೇ ಪಕ್ಕದಲ್ಲಿದ್ದೆ. ಜೀವ ಬಂದು ಮಣ್ಣಿನಲ್ಲಿ ಸೇರಿತು ಅಂದ. ಹೆಣವಿಲ್ಲದ ಎಂಟು ಗಾಳಿಗೋರಿ ಒಂದೇ ಸಾಲಲ್ಲಿ. ಹತ್ತು ವರ್ಷ ಅವನಿಗೆ ಎಡೆ ಇಟ್ಟಿದ್ದೀನಿ. ಬದುಕಿರೋನಿಗೆ ಎಡೆ ಇಟ್ಟೆನಾ ನಾನು? ಇದು ಎಂಥಾ ಪಾಪ!

ಮೂರನೇ ತಿಂಗಳ ಹನ್ನೆರಡಕ್ಕೆ ತಿಥಿ. ನಿನ್ನ ಕ್ಯಾಲೆಂಡರಿನಲ್ಲಿ ಏಪ್ರಿಲ್ ಎಂಟು. ಪ್ರತಿವರ್ಷದ ಹಾಗೆ ಏಳು ಮನೆಯವರೂ ಯಜಮಾನನ ಮನೆ ಅಂತ ಇಲ್ಲಿಗೇ ಬರ್ತಾರೆ. ಅಷ್ಟರೊಳಗೆ ನನಗೆ ಗೊತ್ತಾಗಬೇಕು. ಅವನು ಬದುಕಿದ್ದರೆ ಎಡೆ ಇಡಲಾರೆ. ಇಡದಿದ್ದರೆ ಯಾಕೆ ಅಂತ ಏಳು ಮನೆಯವರಿಗೂ ಹೇಳಬೇಕು.

ಮತ್ತೆ ಅಲ್ಲಿಗೆ ಹೋಗು, ನಿನ್ನ ಕಾಲಿಗೆ ಬೀಳ್ತೀನಿ. ಏನೂ ಪರೀಕ್ಷೆ ಮಾಡಬೇಡ. ಅವನ ಬೆನ್ನ ಹಿಂದೆ ನಿಂತು ನಮ್ಮ ಭಾಷೇಲಿ "ದಾತ್, ಊಟಕ್ಕೆ ಬಾ" ಅಂತ ಕೂಗು, ಸಾಕು.

ಇನ್ನೊಂದು ಮಾತಿದೆ, ನಿನಗೆ ಹೇಳಿರಲಿಲ್ಲ. ಹೊರಡೋ ಹಿಂದಿನ ದಿನ ರೇಡಿಯೋಗೆ ಹೊಸ ಬ್ಯಾಟರಿ ತಾ ಅಂದಿದ್ದ. ನಾನು ಮರೆತೆ. ಅಕಾಲದ ಬಿರುಗಾಳಿ ಬರುತ್ತೆ ಅಂತ ರೇಡಿಯೋ ಹೇಳಿದ್ದು ಉಳಿದ ದೋಣಿಯವರಿಗೆಲ್ಲ ಕೇಳಿಸಿತು, ವಾಪಸ್ ಬಂದರು. ನಮ್ಮದಕ್ಕೆ ಕೇಳಲಿಲ್ಲ. ನಾನೇ ಹೋಗಿ ಏಳು ಮನೇಲೂ ಹೇಳಿದೆ, ನನ್ನ ತಪ್ಪು ಅಂತ. ಒಬ್ಬನೇ ಮಗನ್ನ ಕಳಕೊಂಡ ಮಾನ್ ಚಿಕ್ಕಮ್ಮ ನನ್ನ ಮುಖಕ್ಕೆ ಉಗಿದು ಮೂರು ವರ್ಷ ಮಾತು ಬಿಟ್ಟಳು. ಉಗೀಲಿ, ಸರಿಯಾಗೇ ಮಾಡಿದಳು. ಅವನನ್ನ ಕೇಳು, ಆ ಬ್ಯಾಟರಿಯ ಸಿಟ್ಟಿಗೇ ನೀನು ಮನೆಗೆ ಬರಲಿಲ್ಲವಾ ಅಂತ.

ಫೋನ್ ಮಾಡಬೇಡ. ಕಚೇರಿ ಫೋನಲ್ಲಿ ಮಾತಾಡಿದರೆ ಇಡೀ ದ್ವೀಪಕ್ಕೆ ಕೇಳುತ್ತೆ. ಅತ್ತೆಗೆ ಇನ್ನೂ ಏನೂ ಹೇಳಿಲ್ಲ.

ಲುವಾ


ಪುವೆರ್ತೊ ಪ್ರಿನ್ಸೆಸಾ
24 ಫೆಬ್ರುವರಿ 1998

ಲುವಾ ಅಕ್ಕಾ,

ನಿನ್ನ ಪತ್ರ ಸಿಕ್ಕ ಮರುದಿನವೇ ಮೂವರೂ ತಗ್ಬಾಲಿಗೆ ಹೋದೆವು. ಆ ಮನುಷ್ಯ ಸಿಕ್ಕಿದ. ಅವನು ನಿನ್ನ ಗಂಡ ಅಲ್ಲ.

ಅವನ ಹೆಸರು ರೊಹೆಲಿಯೊ. ಹುಟ್ಟಿದ್ದು ಅದೇ ಹಳ್ಳೀಲಿ, ಅಪ್ಪ ಅಮ್ಮನೂ ಅಲ್ಲಿಯವರೇ. ಕಡಲು ಅಂದರೆ ತನಗೆ ಆಗೋದೇ ಇಲ್ಲ, ಚಿಕ್ಕಂದಿನಿಂದ ಎಂಜಿನ್ ಕೆಲಸ ಬಿಟ್ಟು ಬೇರೆ ಮಾಡಿಲ್ಲ ಅಂತ ಹೇಳಿದ. ಹತ್ತಿರದಿಂದ ನೋಡಿದರೆ ಕಿವಿಯೂ ಅಷ್ಟೇನೂ ದೊಡ್ಡದಲ್ಲ.

ನಿನ್ನ ಮನಸ್ಸನ್ನ ಕಲಕಿದ್ದಕ್ಕೆ ಕ್ಷಮಿಸು ಅಕ್ಕಾ. ತಿಥಿ ಎಂದಿನ ಹಾಗೆ ಮಾಡು. ಎಂಟು ಎಡೆಯನ್ನೂ ಇಡು. ಅಜ್ಜಿಗೆ ಏನೂ ಹೇಳದೆ ಇದ್ದದ್ದು ಒಳ್ಳೇದಾಯ್ತು. ಆ ಫೋಟೋ ಸುಟ್ಟುಬಿಡು.

ನಾವು ಕ್ಷೇಮ. ಇಲ್ಲಿ ಬಿಸಿಲು ಜಾಸ್ತಿ.

ನ್ಯಾನ್


ಲಿ ಸೊನ್
6 ಮಾರ್ಚ್ 1998

ನ್ಯಾನ್,

ಹೇಳಿದ ಅಂತ ಬರೆದಿದ್ದೀಯಲ್ಲ, ಯಾವ ಭಾಷೇಲಿ ಹೇಳಿದ?

ಮೊದಲ ಪತ್ರದಲ್ಲಿ ಅವನಿಗೆ ನಮ್ಮ ಭಾಷೆ ಬಾರದು, ಇಂಗ್ಲಿಷ್ ಬಾರದು, ಬರೀ ಕೈಸನ್ನೆ ಅಂದೆ. ಎರಡನೇ ಪತ್ರದಲ್ಲಿ ಅಪ್ಪ ಅಮ್ಮನ ಊರು, ಬಾಲ್ಯ, ಕಡಲು ಕಂಡರಾಗದ್ದು, ಎಲ್ಲವನ್ನೂ ಹೇಳಿದ. ಇದನ್ನೆಲ್ಲ ಕೈಸನ್ನೇಲಿ ಹೇಳಿದನಾ? ನಾನು ನಾಲ್ಕನೇ ಕ್ಲಾಸು ಓದಿದೋಳು ನ್ಯಾನ್, ಆದರೆ ದಡ್ಡಿಯಲ್ಲ.

ಒಂದು ನಗು ಇಲ್ಲದ ಪತ್ರ ನೀನು ಹುಟ್ಟಿದಾಗಿಂದ ಬರೆದಿಲ್ಲ. ಕುಕ್ ಏನು ತಿಂದಳು ಅಂತ ಇಲ್ಲ, ಥೋವಾ ಏನು ಒಡೆದಳು ಅಂತ ಇಲ್ಲ. ಬಿಸಿಲು ಜಾಸ್ತಿ ಅಂತೆ! ಒಂದೇ ಸೂರಿನ ಕೆಳಗೆ ನಾಲ್ಕು ವರ್ಷ ಉಂಡಿದ್ದೀಯ. ನಿನಗೆ ಜ್ವರ ಬಂದಾಗ ಗಂಜಿ ಕುಡಿಸಿದ ಕೈ ಇದು. ನನಗೇ ಸುಳ್ಳು ಬರೆದೆಯಾ?

ಅವನಿಗೆ ಅಲ್ಲಿ ಹೆಂಡತಿ ಮಕ್ಕಳಿದ್ದಾರೆ, ಅದಕ್ಕೇ ಮುಚ್ಚಿಡ್ತಿದ್ದೀಯ, ಅಲ್ಲವಾ? ಇರಲಿ ಬಿಡು. ಇದ್ದರೆ ಇದ್ದಾರೆ ಅಂತ ಬರೆ. ಎಷ್ಟು ಮಕ್ಕಳು, ಅವಳ ಹೆಸರೇನು, ಅದೂ ಬರೆ. ನಾನು ಸಾಯೋದಿಲ್ಲ. ಹತ್ತು ವರ್ಷ ಏಳು ಜನರ ಸಾವು ತಲೆ ಮೇಲೆ ಹೊತ್ತೋಳಿಗೆ ಒಬ್ಬ ಸವತಿ ಭಾರವಾ?

ತಿಥಿಗೆ ಒಂದು ತಿಂಗಳಿದೆ.

ಲುವಾ


ಪುವೆರ್ತೊ ಪ್ರಿನ್ಸೆಸಾ
20 ಮಾರ್ಚ್ 1998

ಅಕ್ಕಾ,

ಬೈದದ್ದು ಸಾಲದು. ಎದುರಿಗಿದ್ದಿದ್ದರೆ ಹೊಡೀತಿದ್ದೆ ನೀನು, ಹೊಡೆಸಿಕೊಳ್ತಿದ್ದೆ ನಾನು. ಈ ಸಲ ನಿಜ ಬರೀತೀನಿ.

ಮೊದಲ ಸಲ ಹೋದಾಗ ಅವನು ಗುಡಿಸಲ ಮುಂದೆ ಎಂಜಿನ್ ಬಿಚ್ಚಿಕೊಂಡು ಆ ಕಡೆ ಮುಖ ಮಾಡಿ ಕೂತಿದ್ದ. ನೀನು ಹೇಳಿದ ಹಾಗೆ ಹಿಂದೆ ನಿಂತು, "ದಾತ್, ಊಟಕ್ಕೆ ಬಾ" ಅಂದೆ. ಅವನು ತಿರುಗಲೇ ಇಲ್ಲ. ತಲೆ ಬಗ್ಗಿಸಿಕೊಂಡೇ, "ಬಂದೆ ಕಣೇ, ಕೈ ತೊಳಕೊಂಡು ಬಂದೆ" ಅಂದ.

ಅಷ್ಟೇ. ಆಮೇಲೆ ತಾನು ಆಡಿದ ಮಾತು ತನ್ನ ಕಿವಿಗೇ ಬಿದ್ದ ಹಾಗೆ ಕೈಯಲ್ಲಿದ್ದದ್ದು ಬಿಟ್ಟು ಎದ್ದು ನಿಂತ. ನಾನು ಅಲ್ಲೇ ಮರಳಲ್ಲಿ ಕೂತುಬಿಟ್ಟೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಯಾರ ಮುಂದೆ ಊದುಬತ್ತಿ ಹಚ್ಚಿದ್ದೆನೋ ಅವನು ನನ್ನ ಎದುರಿಗೆ ಬೆವರು ಒರೆಸಿಕೊಳ್ತಾ ಇದ್ದ! ಥೋವಾ ಬಿಳಚಿಕೊಂಡು, "ಅಣ್ಣಾ, ಕಿವಿ ಬಗ್ಗೆ ಅಂದದ್ದು ತಪ್ಪಾಯ್ತು" ಅಂದಳು. ಆ ಹೊತ್ತಲ್ಲಿ ಅವಳಿಗೆ ಹೊಳೆದದ್ದು ಅದೊಂದೇ.

ಹೆಂಡತಿ ಇಲ್ಲ ಅಕ್ಕಾ, ಮಕ್ಕಳಿಲ್ಲ. ಒಬ್ಬನೇ ಇದ್ದಾನೆ. ದೋಣಿ ಒಡೆದಾಗ ಹಲಗೆ ಹಿಡಿದು ನಾಲ್ಕು ದಿನ ತೇಲಿದನಂತೆ. ಯಾವುದೋ ಸರಕು ಹಡಗು ಎತ್ತಿಕೊಂಡು ಇಲ್ಲಿ ಇಳಿಸಿತು. ನಿರಾಶ್ರಿತರ ಶಿಬಿರದಲ್ಲಿ ಬೇರೆ ಹೆಸರು ಬರೆಸಿದ. ಶಿಬಿರ ಮುಚ್ಚಿದ ಮೇಲೆ ಆ ಹಳ್ಳಿಗೆ ಹೋಗಿ ಸೇರಿಕೊಂಡ. ನಮ್ಮ ಜನ ಕಂಡರೆ ಮೂಗನ ಹಾಗೆ ಇದ್ದುಬಿಡ್ತಾನಂತೆ.

"ಅಕ್ಕ ಬ್ಯಾಟರಿ ಮರೆತದ್ದಕ್ಕೆ ಸಿಟ್ಟಾ ನಿಮಗೆ?" ಅಂತ ಕೇಳಿದೆ. "ಯಾವ ಬ್ಯಾಟರಿ?" ಅಂದ. ನೀನು ಏಳು ಮನೆಗೂ ಹೋಗಿ ತಪ್ಪೊಪ್ಪಿಕೊಂಡದ್ದು, ಮಾನ್ ಚಿಕ್ಕಮ್ಮ ಉಗಿದದ್ದು, ಎಲ್ಲಾ ಹೇಳಿದೆ. ಕೇಳ್ತಾ ಕೇಳ್ತಾ ಅವನ ಮುಖ ಏನಾಯ್ತು ಅಂತ ಬರೆಯೋಕೆ ನನ್ನಿಂದ ಆಗಲ್ಲ.

ಅಕ್ಕಾ, ಗಟ್ಟಿ ಮನಸ್ಸು ಮಾಡಿಕೊಂಡು ಓದು. ರೇಡಿಯೋ ಕೆಟ್ಟಿರಲಿಲ್ಲ. ಹಳೇ ಬ್ಯಾಟರೀಲೇ ಓಡ್ತಾ ಇತ್ತು. ಮಧ್ಯಾಹ್ನದ ಸುದ್ದೀಲಿ ಬಿರುಗಾಳಿ ಮಾತು ಬಂದದ್ದು ಅವನಿಗೆ ಕೇಳಿಸಿತು. ಅವನೊಬ್ಬನಿಗೇ, ಯಾಕೆಂದರೆ ಅದು ಇದ್ದದ್ದು ಅವನ ಕಿವಿ ಹತ್ತಿರ. ಆಗ ಬಲೆಗೆ ಮೀನು ರಾಶಿ ರಾಶಿ ಬೀಳ್ತಾ ಇತ್ತಂತೆ. ಜನ್ಮದಲ್ಲಿ ಅಷ್ಟು ಕಂಡಿರಲಿಲ್ಲವಂತೆ. ಇನ್ನೊಂದು ಸಲ ಬಲೆ ಎಳೆದುಬಿಡೋಣ ಅಂತ ರೇಡಿಯೋ ಆರಿಸಿದ. ಉಳಿದ ದೋಣಿಗಳು ತಿರುಗಿದ್ದನ್ನ ನೋಡಿ ಹುಡುಗರು ಕೇಳಿದರೆ, "ಅವರಿಗೇನು ಹೆದರುಪುಕ್ಕಲರಿಗೆ! ನಮ್ಮ ರೇಡಿಯೋ ಬ್ಯಾಟರಿ ಮುಗಿದಿದೆ, ನನಗೇನೂ ಕೇಳಿಲ್ಲ" ಅಂದ. ಅವನು ಅಲ್ಲಿ ಹೇಳಿದ ಸುಳ್ಳನ್ನೇ ನೀನು ಇಲ್ಲಿ ನಿಜ ಅಂತ ಹೊತ್ತೆ.

"ಬದುಕಿದ್ದೀನಿ ಅಂತ ಗೊತ್ತಾದರೆ ಏಳು ಮನೆಯವರೂ ಮೊದಲು ಕೇಳೋದು ಅದನ್ನೇ. ನಾನು ಏನು ಹೇಳಲಿ ತಂಗಿ? ಸತ್ತೋನಾಗೇ ಇರ್ತೀನಿ. ಗೋರಿ ಇದೆಯಲ್ಲ, ಸಾಕು" ಅಂತ ನನ್ನ ಕೈ ಹಿಡಕೊಂಡು ಅತ್ತ. ಪ್ರತಿವರ್ಷ ಆ ದಿನ ಏಳು ಬಟ್ಟಲು ಅನ್ನ ಇಟ್ಟು ಏಳು ಹೆಸರು ಕರೀತಾನಂತೆ. ನಾನು ಒಪ್ಪಿಬಿಟ್ಟೆ. ಆ ಸುಳ್ಳು ಪತ್ರ ಬರೆದೆ. ಕುಕ್ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. "ಅವನ ಕಣ್ಣೀರು ನೋಡಿ ಕರಗಿದೆಯಲ್ಲ, ಅಲ್ಲಿ ಅವಳು ಹತ್ತು ವರ್ಷದಿಂದ ಉಗಿಸಿಕೊಳ್ತಿದ್ದಾಳೆ, ಅದು ಕಾಣಲಿಲ್ಲವಾ ನಿನಗೆ?" ಅಂತ ಅಂದದ್ದೇ ಕೊನೆ. ಅವಳು ಹೇಳಿದ್ದೇ ಸರಿ.

ನಿನ್ನ ಎರಡನೇ ಪತ್ರ ಬಂದ ಮೇಲೆ ಅದನ್ನೇ ಹಿಡಕೊಂಡು ಮತ್ತೆ ಹೋಗಿ ಅವನ ಮುಂದೆ ಜೋರಾಗಿ ಓದಿದೆ. "ಏಳು ಜನರ ಸಾವು ತಲೆ ಮೇಲೆ ಹೊತ್ತೋಳಿಗೆ" ಅನ್ನೋ ಕಡೆ ಬಂದಾಗ ಎದ್ದು ನೀರಿನ ಕಡೆ ಹೋದ. ಸೊಂಟದ ಮಟ್ಟ ನೀರಲ್ಲಿ ತುಂಬ ಹೊತ್ತು ನಿಂತಿದ್ದ. ವಾಪಸ್ ಬಂದು, "ಅವಳಿಗೆ ನಿಜ ಬರೆ" ಅಂದ. ಬರ್ತೀನಿ ಅಂತ ಮಾತ್ರ ಹೇಳಲಿಲ್ಲ.

ನಿನ್ನ ತಪ್ಪು ಏನೂ ಇರಲಿಲ್ಲ ಅಕ್ಕಾ. ಏನೂ.

ನ್ಯಾನ್


ಲಿ ಸೊನ್
9 ಏಪ್ರಿಲ್ 1998

ನ್ಯಾನ್,

ನಿನ್ನ ಪತ್ರ ತಿಥಿಗೆ ಎಂಟು ದಿನ ಮುಂಚೆ ಬಂತು. ಒಂದು ಸಲ ಓದಿ ಮಡಿಸಿಟ್ಟೆ. ನಾನು ಅಳಲಿಲ್ಲ. ಆ ಎಂಟು ದಿನ ಏನು ಉಂಡೆ, ಏನು ಮಾಡಿದೆ, ಒಂದೂ ನೆನಪಿಲ್ಲ. ಹಾದೀಲಿ ಮಾನ್ ಚಿಕ್ಕಮ್ಮ ಎದುರಾದರೆ ಎಂದಿನ ಹಾಗೆ ತಲೆ ತಗ್ಗಿಸಿದೆ. ಆಮೇಲೆ ನೆನಪಾಯ್ತು, ನಾನು ಯಾಕೆ ತಗ್ಗಿಸಬೇಕು ಅಂತ. ಆದರೂ ಕತ್ತು ಮೇಲೇಳಲಿಲ್ಲ. ಹತ್ತು ವರ್ಷದ ಅಭ್ಯಾಸ ನೋಡು.

ನಿನ್ನೆ ಏಳು ಮನೆಯವರೂ ಬಂದರು. ಅಡುಗೆ ಆಯ್ತು, ಚಾಪೆ ಹಾಸಿದೆ, ಎಡೆ ಇಟ್ಟೆ. ಏಳು. ಅತ್ತೆಗೆ ಕಣ್ಣು ಮಂಜು, ಆದರೂ ಬೆರಳಲ್ಲಿ ಮುಟ್ಟಿ ಎಣಿಸಿದರು. "ನನ್ನ ಮಗನದೆಲ್ಲೇ?" ಅಂದರು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ನಿನ್ನ ಪತ್ರ ತೆಗೆದು ಓದಿದೆ. ಒಂದು ಸಾಲೂ ಬಿಡಲಿಲ್ಲ. ರೇಡಿಯೋ ಆರಿಸಿದ್ದು ಬಂದಾಗ ನನ್ನ ದನಿ ನಿಂತಿತು. ಆಗ ಯಾರೋ "ಮುಂದೆ ಓದು" ಅಂದರು. ಕೊನೆಯವರೆಗೂ ಓದಿದೆ.

ಮಾನ್ ಚಿಕ್ಕಮ್ಮ ಎದ್ದು ನನ್ನ ಹತ್ತಿರ ಬಂದಳು. ಹೊಡೀತಾಳೆ ಅಂತ ಕಣ್ಣು ಮುಚ್ಚಿದೆ. ಅವಳು ತನ್ನ ಸೆರಗುಬಟ್ಟೆಯಿಂದ ನನ್ನ ಮುಖ ಒರೆಸಿದಳು. ಕಣ್ಣೀರೇ ಇರಲಿಲ್ಲ, ಒಣ ಮುಖವನ್ನೇ ತಿಕ್ಕಿ ತಿಕ್ಕಿ ಒರೆಸಿದಳು. "ಇಲ್ಲೇ ಅಲ್ಲವೇನೇ ನಾನು ಉಗಿದದ್ದು, ಇಲ್ಲೇ ಅಲ್ಲವಾ" ಅಂತ ಹೇಳ್ತಾನೇ ಇದ್ದಳು. ಆಗ ಅತ್ತುಬಿಟ್ಟೆ ನೋಡು ನಾನು, ಕಟ್ಟೆ ಒಡೆದ ಹಾಗೆ ಅತ್ತುಬಿಟ್ಟೆ. ಬೀದಿಗೆಲ್ಲ ಕೇಳಿಸಿರಬೇಕು.

ಅತ್ತೆ ಅಳಲಿಲ್ಲ. "ಗುದ್ದಲಿ ತಾ" ಅಂದರು. ಎಪ್ಪತ್ತಾರು ವರ್ಷದ ಮುದುಕಿ, ಬೇಡ ಅಂದರೆ ಕೇಳಬೇಕಲ್ಲ! ಮಗನ ಗೋರಿಯ ಹತ್ತಿರ ಹೋಗಿ ತಾವೇ ಅಗೆದರು. ಸುಸ್ತಾದಾಗ ಮಾನ್ ಚಿಕ್ಕಮ್ಮ ಗುದ್ದಲಿ ಇಸಕೊಂಡಳು, ಆಮೇಲೆ ಮಿಕ್ಕವರು ಒಬ್ಬೊಬ್ಬರಾಗಿ. ಗೊಂಬೆ ಎಲ್ಲಿಯದು, ಎಲ್ಲಾ ಬರೀ ಮಣ್ಣಾಗಿತ್ತು. ಹಿಪ್ಪುನೇರಳೆ ಕಡ್ಡಿಗಳು ಮಾತ್ರ ಅಲ್ಲಲ್ಲಿ ಉಳಿದಿದ್ದವು. ಅತ್ತೆ ಅವನ್ನೆಲ್ಲ ಆಯ್ದು ಮಡಿಲಲ್ಲಿ ಹಾಕಿಕೊಂಡು ಮನೆಗೆ ತಂದರು. ಇದಕ್ಕೂ ಏನಾದರೂ ಶಾಸ್ತ್ರ ಇರಬೇಕು ಅಂತ ನಾವೆಲ್ಲ ನೋಡ್ತಾ ನಿಂತೆವು. ಒಲೆಗೆ ಹಾಕಿ ಬೆಂಕಿ ಮಾಡಿ, ಅದರಲ್ಲೇ ನೀರು ಕಾಸಿ ಏಳು ಮನೆಯವರಿಗೂ ಚಹಾ ಕೊಟ್ಟರು. "ಕುಡೀರಿ. ನನ್ನ ಮಗ ಸತ್ತಿಲ್ಲ, ತಪ್ಪಿಸಿಕೊಂಡಿದ್ದಾನೆ" ಅಂದರು. ಎಲ್ಲರೂ ಕುಡಿದರು.

ಈಗ ನೀನು ಅವನ ಹತ್ತಿರ ಹೋಗಬೇಕು, ಇದೇ ಕೊನೆ ಸಲ. ನಾನು ಕ್ಷಮಿಸಿದೆನಾ ಅಂತ ಕೇಳಿದರೆ ಇಲ್ಲ ಅನ್ನು. ಕ್ಷಮಿಸೋ ಮಾತು ಯಾರ ಬಾಯಲ್ಲೂ ಬಂದಿಲ್ಲ. ಅವನ ಕೊರಳು ಹಿಸುಕಬೇಕು ಅಂತ ಇಬ್ಬರು ಅಂದರು, ನಾನೂ ಮನಸ್ಸಲ್ಲಿ ಅಂದುಕೊಂಡೆ. ಆದರೆ ಮಾನ್ ಚಿಕ್ಕಮ್ಮ ಹೇಳಿದ್ದನ್ನ ಹಾಗೇ ಹೇಳು. "ನನ್ನ ಖೋಯ್ ಕೊನೆ ಗಳಿಗೇಲಿ ಏನಂದ, ಅಮ್ಮ ಅಂದನಾ, ಭಯಪಟ್ಟನಾ, ಅದು ಗೊತ್ತಿರೋನು ಈ ಭೂಮಿ ಮೇಲೆ ಅವನೊಬ್ಬನೇ. ಬಂದು ನನಗೆ ಹೇಳಲಿ. ಆಮೇಲೆ ಏನಾದರೂ ಆಗಲಿ." ಉಳಿದ ಆರು ಮನೆಯವರೂ ಅದನ್ನೇ ಅಂದರು.

ಸಾ ಕಿ ಬಂದರಿನಿಂದ ಇಲ್ಲಿಗೆ ದೋಣಿ ಬೆಳಿಗ್ಗೆ ಎಂಟಕ್ಕೆ ಹೊರಡುತ್ತೆ, ಅವನಿಗೆ ಗೊತ್ತು. ದಡದಲ್ಲಿ ಎಲ್ಲರೂ ಇರ್ತೀವಿ. ನಾನೂ ಇರ್ತೀನಿ.

ಗೋರಿ ಇದೆ ಸಾಕು ಅಂದನಲ್ಲ, ಇನ್ನು ಅದೂ ಇಲ್ಲ ಅಂತ ಹೇಳು. ಈ ಮನೇಲಿ ಅವನಿಗೆ ಎಡೆ ಇಡೋರು ಯಾರೂ ಇಲ್ಲ. ಬದುಕಿರೋನು ತನ್ನ ಅನ್ನ ತಾನೇ ಬಂದು ಉಣ್ಣಲಿ.

ಲುವಾ